ಲಾಕರ್ ಕೋಣೆಯ ಮುಂದಿನ ಚಪ್ಪಡಿ

ಗೌರಿ ಹಬ್ಬದ ಹಿಂದಿನ ದಿನ ನಂಜನಗೂಡಿನ ನಮ್ಮ ಹಳೇ ಬ್ಯಾಂಕನ್ನು ನೀವು ನೋಡಬೇಕಿತ್ತು. ಅದೊಂದು ಸಹಕಾರಿ ಬ್ಯಾಂಕು, ಬಾಡಿಗೆಗೆ ಹಿಡಿದ ತೊಟ್ಟಿ ಮನೆಯಲ್ಲಿ ನಡೆಯುತ್ತಿತ್ತು. ಆವತ್ತು ದುಡ್ಡು ಕಟ್ಟುವ ಕಿಟಕಿಯ ಹತ್ತಿರ ನರಪಿಳ್ಳೆ ಇರುತ್ತಿರಲಿಲ್ಲ. ಜನವೆಲ್ಲ ಹಿಂದುಗಡೆ, ಲಾಕರ್ ಕೋಣೆಯ ಮುಂದೆ. ಕವಲಂದೆ ಕಡೆಯಿಂದ, ದೇವನೂರಿನಿಂದ ಬೆಳಗಿನ ಬಸ್ಸು ಹಿಡಿದು ಬಂದ ಹೆಂಗಸರು ಹಬ್ಬಕ್ಕೆ ಅಂತ ಒಡವೆ ತೆಗೆಸಿಕೊಂಡು, ಮನೆಗೆ ಹೋಗುವವರೆಗೂ ತಡೆಯಲಾರದೆ ಅಲ್ಲೇ ಹಾಕಿಕೊಂಡು ನೋಡುತ್ತಿದ್ದರು. "ವಾದ್ ವರ್ಸಕ್ಕಿಂತ ಕತ್ತು ದಪ್ಪ ಆಗೈತೆ ಕಣಕ್ಕ ನಿಂಗೆ" ಅಂತ ಒಬ್ಬಳು, "ನಿಂದೇನು ಕಮ್ಮಿನಾ, ವಂಕಿ ಮೊಣಕೈಗೇ ನಿಂತೈತೆ" ಅಂತ ಇನ್ನೊಬ್ಬಳು. ತೊಟ್ಟಿಯ ಮೇಲೆ ಕಬ್ಬಿಣದ ಸರಳು ಹಾಕಿದ್ದರೂ ಆಕಾಶದ ಬೆಳಕು ನೇರ ಕೆಳಗೆ ಬೀಳುತ್ತಿತ್ತು. ಟ್ಯೂಬ್‌ಲೈಟಿನಲ್ಲಿ ಚಿನ್ನ ಹಿತ್ತಾಳೆಯ ಹಾಗೆ ಕಾಣುತ್ತದೆ. ಬಿಸಿಲ ಬೆಳಕಿಗೆ ಹಿಡಿದರೇನೇ ಅದರ ಬಣ್ಣ.

ಆ ತೊಟ್ಟಿಯ ಅಂಚಿನಲ್ಲಿ ಒಂದು ಕಲ್ಲು ಚಪ್ಪಡಿ ಇತ್ತು. ಅದರ ಒಂದು ತುದಿಯಲ್ಲಿ ನನ್ನ ಅವ್ವ ಕೂರುತ್ತಿದ್ದಳು, ಇನ್ನೊಂದು ತುದಿಯಲ್ಲಿ ಅವಳ ಅಕ್ಕ, ನನ್ನ ದೊಡ್ಡವ್ವ. ಇಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ. ಮಾತಿಲ್ಲ, ಕತೆಯಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅವ್ವ, ದೊಡ್ಡವ್ವ ಹುಟ್ಟಿದ್ದು ದೇವನೂರಿನಲ್ಲಿ. ಗಂಡುದಿಕ್ಕಿಲ್ಲದ ಮನೆ. ಅವ್ವನನ್ನು ನಂಜನಗೂಡಿಗೆ ಕೊಟ್ಟರು, ದೊಡ್ಡವ್ವನನ್ನು ತಿರುಮಕೂಡಲು ನರಸೀಪುರಕ್ಕೆ. ಗೌರಿ ಹಬ್ಬಕ್ಕೆ ಬಾಗಿನ ಕಳಿಸಲು ಅಣ್ಣನೋ ತಮ್ಮನೋ ಇರಲಿಲ್ಲ. ಅಜ್ಜಿ ಸಾಯುವಾಗ ಬಿಟ್ಟು ಹೋದದ್ದು ಒಂದೇ ಒಂದು ಅಡ್ಡಿಕೆ, ಕತ್ತಿಗೆ ಅಂಟಿದ ಹಾಗೆ ಕೂರುವ ಚಿನ್ನದ ಪಟ್ಟಿ, ಹಿಂದುಗಡೆ ಕೆಂಪು ದಾರದ ಕಟ್ಟು. ಅದನ್ನು ಕತ್ತರಿಸಿ ಹಂಚೋಕಾಗುತ್ತಾ? ಹಾಗಾಗಿ ಇಬ್ಬರ ಹೆಸರಲ್ಲಿ ಲಾಕರ್ ತೆಗೆದು ಅದರಲ್ಲಿ ಇಟ್ಟರು. ಒಂದು ಗೌರಿ ಹಬ್ಬಕ್ಕೆ ಅಕ್ಕ ಹಾಕಿಕೊಳ್ಳುವುದು, ಮುಂದಿನ ಹಬ್ಬಕ್ಕೆ ತಂಗಿ. ತೆಗೆಯಬೇಕಾದರೆ ಇಬ್ಬರೂ ಬಂದು ಸಹಿ ಹಾಕಬೇಕು, ವಾಪಸ್ ಇಡಲು ಒಬ್ಬರು ಸಾಕು ಅಂತ ಬರೆಸಿದರು. "ನಮ್ಗೆ ತವರುಮನೆ ಅಂತ ಉಳ್ಕಂಡಿರೋದು ಅದೊಂದೇಯ" ಅನ್ನುತ್ತಿದ್ದಳು ಅವ್ವ.

ಆಮೇಲೆ ನನ್ನ ಮದುವೆ ಬಂತು. ಮದುವೆಗೆ ಸ್ವಂತ ಅಕ್ಕನನ್ನು ಕರೆಯುವುದು ಅಂದರೆ ಅರಿಶಿನ ಕುಂಕುಮ ಹಿಡಿದು ಮನೆ ಬಾಗಿಲಿಗೇ ಹೋಗಬೇಕು. ಅವ್ವ ಆ ವಾರ ಜ್ವರ ಬಂದು ಮಲಗಿದ್ದಳು. ನರಸೀಪುರದ ಕಡೆ ಹೋಗುತ್ತಿದ್ದ ಯಾರದೋ ಕೈಯಲ್ಲಿ ಲಗ್ನಪತ್ರಿಕೆ ಕೊಟ್ಟು ಕಳಿಸಿದಳು. ಅಷ್ಟೇ. "ಊರೋರ್ಗೆ ಕೊಟ್ಟಂಗೆ ನಂಗೂ ಕಾಗ್ದ ಕೊಟ್ಟವ್ಳೆ" ಅಂತ ದೊಡ್ಡವ್ವ ಮದುವೆಗೆ ಬರಲಿಲ್ಲ. "ಜ್ವರ ಬಂದಿರೋಳ್ನ ಏನು ಅಂತ ಕೇಳ್ನಿಲ್ಲ" ಅಂತ ಅವ್ವ ಮುಖ ತಿರುಗಿಸಿದಳು. ಮಾತು ನಿಂತಿತು. ನನಗೆ ಮಕ್ಕಳಾದವು, ಅವು ಶಾಲೆಗೆ ಹೋದವು. ಇವರ ಹಠ ಮಾತ್ರ ಹಾಗೇ ಇತ್ತು. ಇಬ್ಬರಿಗೂ ಎರಡು ಬಿಗಿಯಬೇಕು ಅನ್ನಿಸುವಷ್ಟು ಸಿಟ್ಟು ನನಗೆ. ಮೂಗಿನ ತುದಿಯಲ್ಲೇ ಕೋಪ ಇರುವುದು ನಮ್ಮ ಮನೆತನದಲ್ಲೇ ಬಂದದ್ದು, ನಾನೇನೂ ಹೊರತಲ್ಲ.

ಆದರೂ ವರ್ಷಕ್ಕೊಂದು ಸಲ ಬ್ಯಾಂಕಿಗೆ ಮಾತ್ರ ಇಬ್ಬರೂ ಬರುತ್ತಿದ್ದರು. ತನ್ನ ಸರದಿ ಇಲ್ಲದ ವರ್ಷವೂ ಬರಲೇಬೇಕು, ಸಹಿ ಬೇಕಲ್ಲ. ಮ್ಯಾನೇಜರುಗಳು ಬದಲಾದ ಹಾಗೆಲ್ಲ ಒಬ್ಬೊಬ್ಬರೂ ಹೇಳಿ ನೋಡಿದರು, "ಯಾರಾದ್ರೂ ಒಬ್ರು ಬಂದು ತೆಗೀಬಹುದು ಅಂತ ಬದಲಾಯಿಸ್ಕೊಳ್ಳಿ ಅಮ್ಮ, ಯಾಕೆ ಸುಮ್ನೆ ಅಲೆದಾಡ್ತೀರಿ." ಅಷ್ಟು ಹೊತ್ತು ಬಾಯಿಗೆ ಬೀಗ ಹಾಕಿ ಕೂತವರು ಇಬ್ಬರೂ ಒಟ್ಟಿಗೇ "ಬ್ಯಾಡಿ" ಅನ್ನುತ್ತಿದ್ದರು. ಒಬ್ಬರ ಮೇಲೆ ಒಬ್ಬರಿಗೆ ನಂಬಿಕೆ ಇಲ್ಲ ಅಂತ ಬ್ಯಾಂಕಿನವರೆಲ್ಲ ನಗುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಒಳಗಿನಿಂದ ಅಡ್ಡಿಕೆ ತಂದ ಮೇಲೆ ಒಂದು ಸಂಗತಿ ನಡೆಯುತ್ತಿತ್ತು. ಅಡ್ಡಿಕೆಯನ್ನು ತನ್ನ ಕತ್ತಿಗೆ ತಾನೇ ಕಟ್ಟಿಕೊಳ್ಳುವುದು ಕಷ್ಟ, ಹಿಂದೆ ಇನ್ನೊಬ್ಬರ ಕೈ ಬೇಕು. ಅವ್ವನ ಸರದಿ ಇದ್ದರೆ ದೊಡ್ಡವ್ವ ಎದ್ದು ಅವಳ ಬೆನ್ನ ಹಿಂದೆ ನಿಲ್ಲುತ್ತಿದ್ದಳು. ತುರುಬು ಎತ್ತಿ ಹಿಡಿದು, ದಾರ ಕಟ್ಟಿ, ಬಿಗಿ ಆಯಿತೋ ಸಡಿಲ ಆಯಿತೋ ಅಂತ ಒಂದು ಬೆರಳು ತೂರಿಸಿ ನೋಡುತ್ತಿದ್ದಳು. ಅವ್ವ ಕಣ್ಣು ಮುಚ್ಚಿಕೊಂಡು ಕತ್ತು ಬಗ್ಗಿಸಿ ಕೂತಿರುತ್ತಿದ್ದಳು. ಮುಂದಿನ ವರ್ಷ ಅವ್ವ ಹಿಂದೆ, ದೊಡ್ಡವ್ವ ಮುಂದೆ. ಅದಾದ ಮೇಲೆ ಒಬ್ಬಳು ನರಸೀಪುರದ ಬಸ್ಸಿಗೆ, ಇನ್ನೊಬ್ಬಳು ನನ್ನ ಸ್ಕೂಟರಿಗೆ.

ಮನೆಯ ಮಾಲೀಕರು ತೊಟ್ಟಿ ಮನೆ ಬಿಟ್ಟುಕೊಡಿ ಅಂದಾಗ ಬ್ಯಾಂಕು ಊರಾಚೆ, ನರಸೀಪುರದ ರಸ್ತೆಯಲ್ಲಿ ಸ್ವಂತ ಕಟ್ಟಡ ಕಟ್ಟಲು ಹೊರಟಿತು. ನಾನು ಮೈಸೂರಿನಲ್ಲಿ ಕಟ್ಟಡಗಳ ವಿನ್ಯಾಸ ಮಾಡಿಕೊಂಡಿರುವವಳು, ಊರಿನ ಹುಡುಗಿ ಅಂತ ಕೆಲಸ ನನಗೇ ಬಂತು. ಅಧ್ಯಕ್ಷರಿಗೆ ಮುಂಭಾಗವೆಲ್ಲ ಗಾಜು ಬೇಕಿತ್ತು, ಮೈಸೂರಿನಲ್ಲಿ ಇದ್ದ ಹಾಗೆ. "ಈ ಊರಿನ ಬಿಸಿಲಿಗೆ ಗಾಜು ಹಾಕಿದ್ರೆ ಒಳಗಿರೋರು ಹಪ್ಪಳ ಆಗ್ತಾರೆ ಸರ್, ಆಮೇಲೆ ಎಸಿ ಹಾಕಿ ಕರೆಂಟ್ ಬಿಲ್ ಕಟ್ತಾ ಕೂತ್ಕೊಳ್ಳಿ" ಅಂದೆ. ಅವರು ನಕ್ಕು ಒಪ್ಪಿದರು. ಪಾಯ ತೋಡಿದ ಮಣ್ಣಿನಿಂದಲೇ ಇಟ್ಟಿಗೆ ಒತ್ತಿಸಿದೆ. ಮಳೆನೀರಿಗೆ ಅಂಗಳದ ಕೆಳಗೆ ತೊಟ್ಟಿ. ನಿವೇಶನದ ಮೂಲೆಯಲ್ಲಿ ದೊಡ್ಡದೊಂದು ಹೊಂಗೆ ಮರ ಇತ್ತು, ಅದನ್ನು ಕಡಿಯುವ ಬದಲು ಮುಂಬಾಗಿಲನ್ನೇ ಅದರ ನೆರಳಿಗೆ ಸರಿಸಿದೆ. ಭದ್ರತೆಗೆ ಅಂತ ಲಾಕರ್ ಕೋಣೆಯ ಗೋಡೆ, ನೆಲ, ಸೂರು ಎಲ್ಲ ದಪ್ಪ ಕಾಂಕ್ರೀಟ್ ಆಗಲೇಬೇಕಿತ್ತು. ಅದನ್ನು ಪಶ್ಚಿಮಕ್ಕೆ ತಂದು, ಸುತ್ತ ಕಾವಲಿನವರು ತಿರುಗಲು ಓಣಿ ಬಿಟ್ಟೆ. ಮಧ್ಯಾಹ್ನದ ಬಿಸಿಲನ್ನು ಆ ಕಾಂಕ್ರೀಟು ತಡೆದರೆ ಜನ ಕೂರುವ ಹಜಾರ ತಣ್ಣಗೆ ಉಳಿಯುತ್ತದೆ. ಇಷ್ಟಕ್ಕೆ ಯಾರೂ ಚಕಾರ ಎತ್ತಲಿಲ್ಲ.

ಜಗಳ ಹತ್ತಿದ್ದು ಲಾಕರ್ ಕೋಣೆಯ ಬಾಗಿಲಿನ ಮುಂದಿನ ಚಿಕ್ಕ ಜಾಗಕ್ಕೆ. ನಕ್ಷೆ ಹಾಸಿ ತೋರಿಸಿದಾಗ ಅವ್ವ ಕನ್ನಡಕ ಏರಿಸಿ ನೋಡಿದಳು.

"ಇಲ್ಲಿ ಕೂರಕ್ಕೆ ಏನ್ ಮಡಗೀಯ?"

"ಸ್ಟೀಲ್ ಕುರ್ಚಿ ಅವ್ವ, ಮೂರು ಒಟ್ಟಿಗೆ ಸೇರ್ಸಿರ್ತಾರಲ್ಲ, ಬಸ್ ಸ್ಟ್ಯಾಂಡಲ್ಲಿ ಇರೋ ಥರ."

"ಥೂ, ಅದುಕ್ಕೆ ಮಧ್ಯ ಮಧ್ಯ ಕೈ ಇರ್ತದೆ. ಬ್ಯಾಡ. ಕಲ್ಲೇ ಆಕ್ಸು. ಆಮೇಕೆ ಬೆಳಕು ಬೀಳ್ಬೇಕು. ಕತ್ಲೆಲಿ ದಾರ ಕಟ್ಟಕ್ಕಾಗಲ್ಲ."

ಅವಳು ತನಗೆ ಅಂತ ಏನನ್ನೂ ಕೇಳಿದವಳಲ್ಲ. ಆ ಮಾತು ನನಗೆ ಎಲ್ಲೋ ನಾಟಿತು. ಸ್ಟೀಲ್ ಕುರ್ಚಿ ತೆಗೆದೆ. ತೊಟ್ಟಿ ಮನೆಯ ಚಪ್ಪಡಿಯಷ್ಟೇ ಉದ್ದದ ಕಲ್ಲಿಗೆ ಜಾಗ ಮಾಡಿದೆ, ಅದರ ಮೇಲೆ ಸೂರಿನಲ್ಲಿ ಸಾಲಾಗಿ ಬೆಳಕಿಂಡಿಗಳನ್ನು ಬರೆದೆ. ಹಳೇ ಮನೆಗಳಲ್ಲಿ ಒಲೆಯ ಮೇಲೆ ಇರುತ್ತಿತ್ತಲ್ಲ, ಆ ಥರದವು.

ಬ್ಯಾಂಕಿನ ಭದ್ರತಾ ಅಧಿಕಾರಿ ಪೊಲೀಸ್ ಇಲಾಖೆಯಿಂದ ನಿವೃತ್ತರಾದವರು. ಮೀಸೆ ದಪ್ಪ, ಮಾತು ಕಮ್ಮಿ. ನಕ್ಷೆಯ ಮೇಲೆ ಕೆಂಪು ಪೆನ್ನಿನಲ್ಲಿ ಬೆಳಕಿಂಡಿ ಹೊಡೆದು ಹಾಕಿದರು, ಕಲ್ಲನ್ನೂ ಹೊಡೆದು ಹಾಕಿದರು. "ಮೇಡಂ, ಗಾಳಿ ಬರೋ ಕಡೆ ಕಳ್ಳನೂ ಬರ್ತಾನೆ. ಎಲ್ಲೋ ಒಂದು ಕಡೆ ವೆಂಟಿಲೇಟರಿಂದ ಇಳಿದು ಬ್ಯಾಂಕನ್ನೇ ಬಳಿದಾಕೊಂಡು ಹೋದ್ರು. ಕಲ್ಲು ಹಾಕಿದ್ರೆ ಜನ ಬಂದು ಕೂತ್ಕೊತಾರೆ, ಏಳಲ್ಲ. ಲಾಕರ್ ಮುಂದೆ ಯಾರೂ ಸುಮ್ಮನೆ ಕೂತಿರಬಾರದು." ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ನನಗೆ ಇನ್ನೂ ಮೈಯುರಿ. ನಾನು ತಿದ್ದಿ ಕಳಿಸುವುದು, ಅವರು ಕೆಂಪು ಗೆರೆ ಎಳೆದು ವಾಪಸ್ ಕಳಿಸುವುದು, ಹೀಗೇ ಬೇಸಿಗೆ ಕಳೆಯಿತು. ಸೂರಿನ ನಕ್ಷೆ ಒಪ್ಪಿಗೆಯಾಗದೆ ಗೋಡೆಗಳು ಅರ್ಧಕ್ಕೆ ನಿಂತವು.

ಅಷ್ಟರಲ್ಲಿ ಅವ್ವ ಹಾಸಿಗೆ ಹಿಡಿದಳು. ಕಿಡ್ನಿ ತೊಂದರೆ ಅಂದರು. ಮೈಸೂರಿನ ಆಸ್ಪತ್ರೆಗೆ ಸೇರಿಸಿದೆ. ಗೌರಿ ಹಬ್ಬ ಬಂದದ್ದು, ಹೋದದ್ದು ನನಗೆ ತಿಳಿಯಲಿಲ್ಲ. ಆ ಸಲ ಅಡ್ಡಿಕೆ ಹಾಕಿಕೊಳ್ಳುವ ಸರದಿ ಅವ್ವನದು.

ಹಬ್ಬ ಮುಗಿದ ಮೇಲೆ ಭದ್ರತಾ ಅಧಿಕಾರಿಯ ಫೋನು ಬಂತು. ನಾನು ವಾರ್ಡಿನ ಹೊರಗೆ ನಿಂತಿದ್ದೆ. ಗೆದ್ದ ದನಿಯಲ್ಲಿ ಹೇಳಿದರು, "ನೋಡಿ ಮೇಡಂ, ನಿಮ್ಮ ಕಲ್ಲಿನ ವಿಷಯಕ್ಕೆ ಹೇಳ್ತಾ ಇದೀನಿ. ಹಬ್ಬದ ರಶ್ ಅಂತ ನಾನೇ ಹಳೇ ಬ್ಯಾಂಕಲ್ಲಿ ನಿಂತಿದ್ದೆ. ಬೆಳಗ್ಗೆ ಬಾಗಿಲು ತೆಗೆದಾಗ ಒಬ್ಬ ಅಜ್ಜಿ ಬಂದು ಆ ಚಪ್ಪಡಿ ಮೇಲೆ ಕೂತವರು ಏಳಲೇ ಇಲ್ಲ. ಲಾಕರ್ ತೆಗೀತೀರಾ ಅಂದ್ರೆ ಇಲ್ಲ. ಮಡಿಲಲ್ಲಿ ಒಂದು ಚೀಲ ಬೇರೆ ಗಟ್ಟಿಯಾಗಿ ಹಿಡ್ಕೊಂಡಿದ್ರು. ನನಗೆ ಅನುಮಾನ ಬಂತು, ವಿಚಾರಿಸಿದೆ. 'ನನ್ ತಂಗಿ ಬತ್ತಾಳೆ ಕಣ್ ಸಾಮಿ, ಬಂದೇ ಬತ್ತಾಳೆ' ಅಂತಾರೆ. ಸಂಜೆ ಬಾಗಿಲು ಹಾಕೋವಾಗ ನಾನೇ ಎಬ್ಬಿಸಿ ಬಸ್ ಹತ್ತಿಸ್ದೆ. ಕೂರೋಕೆ ಜಾಗ ಮಾಡಿದ್ರೆ ಹಿಂಗೇ ಆಗೋದು."

"ಸರ್, ಅದು ನಮ್ಮ ದೊಡ್ಡವ್ವ. ಆ ತಂಗಿ ನಮ್ಮವ್ವ. ಇಲ್ಲೇ ಮಲಗಿದಾಳೆ" ಅಂದೆ. "ಸಾರಿ ಮೇಡಂ" ಅಂದು ಅವರು ಫೋನಿಟ್ಟರು.

ಒಳಗೆ ಹೋಗಿ ಅವ್ವನಿಗೆ ಹೇಳಿದೆ, ದೊಡ್ಡವ್ವ ಬಂದಿದ್ದಳಂತೆ, ಸಂಜೆವರೆಗೂ ನಿನ್ನ ದಾರಿ ಕಾಯುತ್ತಾ ಕೂತಿದ್ದಳಂತೆ. ಅವ್ವ ಸೂರು ನೋಡುತ್ತಾ ಮಲಗಿದ್ದಳು. ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಹರಿಯಿತು. ಅಳುವಾಗಲೂ ಸದ್ದು ಮಾಡದ ಹೆಂಗಸು. ಆಮೇಲೆ ಒಂದೇ ಮಾತು ಕೇಳಿದಳು.

"ಒಟ್ಟೆಗೇನಾರ ಉಂಡಿದ್ಲಂತಾ?"

ನನಗೆ ಗೊತ್ತಿರಲಿಲ್ಲ. ಅಧಿಕಾರಿ ಅದನ್ನು ಹೇಳಿರಲಿಲ್ಲ, ಕೇಳಬೇಕು ಅಂತ ನನಗೂ ಹೊಳೆದಿರಲಿಲ್ಲ.

"ಗೊತ್ತಿಲ್ಲ ಅವ್ವ. ಈಗಲೇ ಫೋನ್ ಮಾಡ್ತೀನಿ, ಬರ್ಲಿ ಇಲ್ಲಿಗೆ."

"ಬ್ಯಾಡ. ಈ ಪೈಪು ಗೀಪು ಆಕ್ಕಂಡು ಮನ್ಗಿರೋದ ಅವ್ಳು ನೋಡ್ಬಾರ್ದು. ಮೊದ್ಲೇ ಅವ್ಳು ಎದ್ರುಪುಕ್ಲಿ. ನೀ ಬಿರ್‍ರನೆ ಆ ಬ್ಯಾಂಕು ಮುಗ್ಸು. ಕಲ್ಲಾಕ್ಸು. ಎದ್ದೋಗಿ ಅಲ್ಲೇ ನೋಡ್ತೀನಿ."

ಎಷ್ಟು ಹೇಳಿದರೂ ಕೇಳಲಿಲ್ಲ. ಬ್ಯಾಂಕೇ ಆಗಬೇಕಂತೆ. ಆವತ್ತು ನನಗೆ ಅರ್ಥವಾಯಿತು, ಇಬ್ಬರೂ ಅಷ್ಟು ವರ್ಷ "ಬ್ಯಾಡಿ" ಅಂದದ್ದು ಯಾಕೆ ಅಂತ. ಒಬ್ಬರೇ ಬಂದರೂ ಸಾಕು ಅಂತ ಆಗಿದ್ದರೆ ಇವರಿಗೆ ಒಬ್ಬರ ಮುಖ ಒಬ್ಬರು ನೋಡಲು ನೆಪವೇ ಉಳಿಯುತ್ತಿರಲಿಲ್ಲ. ಎಂಥ ಹೆಂಗಸರಪ್ಪ!

ಆ ವಾರವೇ ಅಧಿಕಾರಿ ಕಟ್ಟಡದ ಹತ್ತಿರ ಬರಹೇಳಿದರು. ನಾನು ಜಗಳಕ್ಕೆ ತಯಾರಾಗಿಯೇ ಹೋದೆ. ಅವರು ಕೈಚೀಲದಿಂದ ಸುಲಿದ ತೆಂಗಿನಕಾಯಿ ತೆಗೆದರು. ಪೂಜೆ ಗೀಜೆ ಇದೆಯಾ ಅಂದುಕೊಂಡೆ. "ತಲೆ ತೂರಿದ್ರೆ ಮೈ ತೂರುತ್ತೆ ಮೇಡಂ. ಈ ಕಾಯಿ ಮನುಷ್ಯನ ತಲೆಗಿಂತ ಚಿಕ್ಕದು. ಇದೇ ತೂರದ ಹಾಗೆ ನಿಮ್ಮ ಕಿಂಡಿ ಮಾಡಿ, ನಾನು ಸಹಿ ಹಾಕ್ತೀನಿ." ಗಾರೆಯವರು ಮಾದರಿಗೆ ಅಂತ ಮಾಡಿಟ್ಟಿದ್ದ ಕಿಂಡಿಗೆ ಮಂಡಿಯೂರಿ ಕಾಯಿ ಒತ್ತಿ ನೋಡಿದರು. ತೂರಿ ಆಚೆ ಬಿದ್ದು ಉರುಳಿಕೊಂಡು ಹೋಯಿತು. ಕಿಂಡಿ ಕಿರಿದು ಮಾಡಿಸಿದೆ, ಓರೆಯಾಗಿ ಇಳಿಸಿ ಒಳಗೆ ಸರಳು ಕೂರಿಸಿದೆ, ಮೇಲೆ ದಪ್ಪ ಗಾಜು. ಮುಂದಿನ ಸಲ ಕಾಯಿ ಸಿಕ್ಕಿಕೊಂಡಿತು. ಎಷ್ಟು ಎಳೆದರೂ ಈಚೆ ಬರಲಿಲ್ಲ, ಅಲ್ಲೇ ಒಡೆದು ಗಾರೆಯವರೆಲ್ಲ ಹೋಳು ಹಂಚಿಕೊಂಡು ತಿಂದರು. ಅಧಿಕಾರಿ ಮೀಸೆ ಒರೆಸಿಕೊಂಡು ಸಹಿ ಹಾಕಿದರು. "ಕಲ್ಲೂ ಇರ್ಲಿ. ಒಂದು ಕಂಡೀಷನ್ನು. ಅಲ್ಲಿ ಊಟ ತಿಂಡಿ ಮಾಡೋ ಹಾಗಿಲ್ಲ, ಬೋರ್ಡ್ ಹಾಕ್ಸಿ. ಕ್ಯಾಮೆರಾ ನೇರ ಅದರ ಮೇಲೇ ಇರುತ್ತೆ." ಸರಿ ಅಂದೆ. ಅಷ್ಟು ಸುಲಭಕ್ಕೆ ನಾನು ಯಾವುದಕ್ಕೂ ಸರಿ ಅಂದದ್ದು ನೆನಪಿಲ್ಲ.

ಆಮೇಲೆ ನಾನು ಕೆಲಸದವರ ಹಿಂದೆ ಬಿದ್ದೆ. ಸಿಮೆಂಟಿಗೆ, ಸರಳಿಗೆ, ತಾಂಡ್ಯದ ಕಾರ್ಖಾನೆಯಲ್ಲಿ ಮಾಡಿಸಲು ಕೊಟ್ಟಿದ್ದ ಕಬ್ಬಿಣದ ಬಾಗಿಲಿಗೆ, ಎಲ್ಲರ ಪ್ರಾಣ ಹಿಂಡಿದೆ. ಬೆಳಗ್ಗೆ ಕಟ್ಟಡ, ಸಂಜೆ ಆಸ್ಪತ್ರೆ. ಅವ್ವ ದಿನಾ ಕೇಳುತ್ತಿದ್ದಳು, "ಮೋಲ್ಡ್ ಆಯ್ತಾ?" ಸೂರಿಗೆ ಕಾಂಕ್ರೀಟ್ ಹಾಕಿದ ದಿನ ಫೋನಿನಲ್ಲಿ ಫೋಟೊ ತೋರಿಸಿದೆ. ಬೆಳಕಿಂಡಿಗಳಿಗೆ ಬಿಟ್ಟ ಜಾಗವನ್ನು ಬೆರಳಿನಿಂದ ಸವರಿದಳು. "ಬೆಳಕು ಬತ್ತದಾ ಇಷ್ಟ್ರಲ್ಲಿ?" ಅಂದಳು. ಬರುತ್ತದೆ ಅಂದೆ.

ಆ ಸೂರಿನ ಕೆಳಗಿನ ಸೆಂಟ್ರಿಂಗ್ ಹಲಗೆ ಬಿಚ್ಚುವ ಮೊದಲೇ ಅವ್ವ ಹೋದಳು.

ದೊಡ್ಡವ್ವ ಮಣ್ಣಿಗೆ ಬಂದಳು. ಅವ್ವನ ತಲೆಯ ಹತ್ತಿರ ಕೂತು, ಕತ್ತಿನ ಕೆಳಗೆ ಕೈಯಿಟ್ಟು, ಸಿಕ್ಕಾಗಿದ್ದ ಕೂದಲನ್ನು ಬಿಡಿಸಿ ಬಿಡಿಸಿ ಸರಿಮಾಡಿದಳು. ಎತ್ತುವ ಹೊತ್ತಾಯಿತು ಅಂದಾಗ ಎದ್ದು ಹೋದಳು.

ಕಟ್ಟಡ ಮುಗಿಯಿತು. ಲಾಕರುಗಳು ಹೊಸ ಕೋಣೆಗೆ ಬಂದವು. ಹಳೇ ತೊಟ್ಟಿ ಮನೆಯ ಮಾಲೀಕರನ್ನು ಕೇಳಿ ಆ ಚಪ್ಪಡಿಯನ್ನೇ ತರಿಸಿ ಕೂರಿಸಿದೆ. ಬೇಸಿಗೆಯಲ್ಲೂ ಹಜಾರ ತಣ್ಣಗಿತ್ತು, ಎಲ್ಲರೂ ಹೊಗಳಿದರು, ಅಧ್ಯಕ್ಷರು ಶಾಲು ಹೊದಿಸಿದರು. ಆ ಶಾಲು ಹೊದ್ದು ನಿಂತಾಗ ನನಗೆ ಅವ್ವ ಬೇಕಿತ್ತು, ಇನ್ನೇನೂ ಬೇಕಿರಲಿಲ್ಲ. ಈಗಲೂ ಆ ರಸ್ತೆಯಲ್ಲಿ ಹೋಗುವಾಗ ಹೊಂಗೆ ಮರ ಕಂಡರೆ ಅವಳು ಒಳಗೆ ಕೂತು ಕಾಯುತ್ತಿದ್ದಾಳೆ ಅನ್ನಿಸಿ ಸ್ಕೂಟರ್ ನಿಧಾನ ಮಾಡುತ್ತೇನೆ.

ಲಾಕರಿನಲ್ಲಿ ಅವ್ವನ ಜಾಗಕ್ಕೆ ನನ್ನನ್ನು ಸೇರಿಸಿದರು. ಮುಂದಿನ ಗೌರಿ ಹಬ್ಬದ ಹಿಂದಿನ ದಿನ ದೊಡ್ಡವ್ವ ಬರುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ. ನನ್ನ ಮೇಲೆ ಅವಳಿಗೆ ಮಾತು ಬಿಡುವಷ್ಟು ಸಿಟ್ಟೂ ಇರಲಿಲ್ಲ, ಮಾತಾಡಿಸುವಷ್ಟು ಬಳಕೆಯೂ ಇರಲಿಲ್ಲ. ನಾನು ಬೆಳಗ್ಗೆಯೇ ಹೋದೆ. ದೊಡ್ಡವ್ವ ಆಗಲೇ ಚಪ್ಪಡಿಯ ಮೇಲೆ ಕೂತಿದ್ದಳು, ಯಾವತ್ತೂ ಕೂರುತ್ತಿದ್ದ ತುದಿಯಲ್ಲೇ, ಮಡಿಲಲ್ಲಿ ಚೀಲ ಇಟ್ಟುಕೊಂಡು. ಮೇಲಿನ ಕಿಂಡಿಗಳಿಂದ ಬಿದ್ದ ಬೆಳಕು ಅವಳ ಪಕ್ಕದ ಖಾಲಿ ಜಾಗದ ಮೇಲಿತ್ತು. ನಾನು ಎಲ್ಲಿ ಕೂರಬೇಕು ಅಂತ ತಿಳಿಯದೆ ನಿಂತೆ.

"ಅದೇ ಕಲ್ಲು ಅಲ್ವಾ ಇದು?" ಅಂದಳು.

"ಊಂ ದೊಡ್ಡವ್ವ. ಅವ್ವ ಹೇಳಿದ್ಲು."

ಇಬ್ಬರೂ ಸಹಿ ಹಾಕಿದೆವು. ಅಡ್ಡಿಕೆ ಹೊರಗೆ ಬಂತು. ಹೋದ ಸಲ ಅವ್ವನ ಸರದಿ ಹಾಗೇ ಉಳಿದಿತ್ತಲ್ಲ, ಅದಕ್ಕೆ ನನ್ನನ್ನೇ ಕೂರಿಸಿದಳು. "ಕತ್ತು ಬಗ್ಸವ್ವ" ಅಂದು ಬೆನ್ನ ಹಿಂದೆ ಬಂದು ನಿಂತಳು. ಕತ್ತಿಗೆ ತಗುಲಿದ ಬೆರಳು ಒರಟು, ಅವ್ವನ ಬೆರಳಿನ ಹಾಗೇ. ಕಣ್ಣು ತಾನಾಗಿ ಮುಚ್ಚಿಕೊಂಡಿತು. ಕೇಳದೆ ಇರಲು ಆಗಲಿಲ್ಲ.

"ದೊಡ್ಡವ್ವ, ಆವತ್ತು ಸಂಜೆವರೆಗೂ ಕಾಯ್ಕೊಂಡು ಕೂತಿದ್ಯಲ್ಲ, ಹೊಟ್ಟೆಗೆ ಏನಾದ್ರೂ ಉಂಡಿದ್ಯಾ?"

"ಈಗ್ಯಾಕೆ ಅದು?"

"ಅವ್ವ ಕೇಳಿದ್ಲು. ಆಸ್ಪತ್ರೆಲಿ. ನನಗೆ ಹೇಳೋಕೆ ಗೊತ್ತಾಗ್ಲಿಲ್ಲ."

ಬೆರಳು ನಿಂತವು.

"ಇಲ್ಲ ಕಣವ್ವ. ಬುತ್ತಿ ಕಟ್ಕಂಡ್ ಬಂದಿದ್ದೆ, ಅಕ್ಕಿರೊಟ್ಟಿ, ಉಚ್ಚೆಳ್ಳು ಚಟ್ನಿ. ಅವ್ಳ್ಗೆ ಅಂದ್ರೆ ಪ್ರಾಣ. ಈ ವರ್ಸ ಏನಾರ ಆಗ್ಲಿ, ನಾನೇ ಮಾತಾಡ್ಸಿಬುಡಣ, ಇಬ್ರೂ ಇಲ್ಲೇ ಕೂತ್ಕಂಡು ಉಂಬಣ ಅಂತಿದ್ದೆ. ಇಬ್ರುದ್ನೂ ಅಂಗೇ ವಾಪಸ್ ಒತ್ಕಂಡೋದೆ."

ದಾರ ಕಟ್ಟಿ, ಒಂದು ಬೆರಳು ತೂರಿಸಿ ಬಿಗಿ ನೋಡಿದಳು. ಆಮೇಲೆ ಬಂದು ಪಕ್ಕದಲ್ಲೇ ಕೂತು ಚೀಲ ಬಿಚ್ಚಿದಳು. ಈ ಸಲವೂ ರೊಟ್ಟಿಯನ್ನು ಎರಡು ಪಾಲು ಮಾಡಿ ಬೇರೆ ಬೇರೆ ಬಾಳೆಲೆಯಲ್ಲಿ ಕಟ್ಟಿ ತಂದಿದ್ದಳು. ಎದುರಿನ ಗೋಡೆಯಲ್ಲಿ ಊಟ ಮಾಡಬಾರದು ಅಂತ ಬೋರ್ಡ್ ಇತ್ತು, ನಾನೇ ಹಾಕಿಸಿದ್ದು. ಕ್ಯಾಮೆರಾ ನೇರ ನಮ್ಮ ಮೇಲೇ ಇತ್ತು. ಯಾರೂ ಬಂದು ಎಬ್ಬಿಸಲಿಲ್ಲ. ದೊಡ್ಡವ್ವ ತನ್ನ ಎಲೆ ಬಿಡಿಸಿಕೊಂಡಳು. ಅವ್ವನ ಪಾಲು ನಾನು ಉಂಡೆ.